‘ಭೋಗ್ಯ’: ಅರ್ಥ ಮತ್ತು ಬಳಕೆ

ಸ್ಥಿರಾಸ್ತಿಯನ್ನು ಪರರ ಅನುಭೋಗಕ್ಕೆ ಬಿಟ್ಟುಕೊಡುವ ವ್ಯವಹಾರಕ್ಕೆ ಕನ್ನಡದಲ್ಲಿ ಬಾಡಿಗೆ, ಗೇಣಿ, ಗುತ್ತಿಗೆ, ಭೋಗ್ಯ ಮುಂತಾದ ಪದಗಳು ರೂಢಿಯಲ್ಲಿವೆ. ಇವುಗಳಲ್ಲಿ ‘ಭೋಗ್ಯ’ದ ಅರ್ಥವ್ಯಾಪ್ತಿ ವಿಶೇಷ ವಿವೇಚನೆಯನ್ನು ಬಯಸುತ್ತದೆ.

ಈ ಪದವು ಸಂಸ್ಕೃತದ ‘ಭುಜ್’ ಧಾತುವಿನಿಂದ ನಿಷ್ಪನ್ನವಾದುದು. ತಿನ್ನುವ ವಸ್ತುವಿಗೆ ‘ಭೋಜ್ಯ’ ಎಂಬ ರೂಪವನ್ನು ಪಾಣಿನಿಯು ನಿಯಮಿಸಿದ್ದಾನೆ. ಅನುಭವಿಸತಕ್ಕ ಇತರ ವಸ್ತುವಿಗೆ ‘ಭೋಗ್ಯ’ ಉಳಿಯಿತು. ಧರ್ಮಶಾಸ್ತ್ರಗಳಲ್ಲಿ ಇದು ಒತ್ತೆಯ ಒಂದು ಪ್ರಭೇದ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ದಲ್ಲಿ ಒತ್ತೆಯನ್ನು ಗೋಪ್ಯ, ಭೋಗ್ಯ ಎಂದು ವಿಂಗಡಿಸುತ್ತಾನೆ. ಕೇವಲ ಕಾಪಿಡಬೇಕಾದುದು ಗೋಪ್ಯ. ಸಾಲ ಕೊಟ್ಟವನು ಫಲವನ್ನು ಉಣ್ಣಬಹುದಾದುದು ಭೋಗ್ಯ. ಫಲಭೋಗ್ಯವಾದ ಒತ್ತೆಯು ಒಡೆಯನಿಗೆ ಎಂದೂ ತಪ್ಪಿಹೋಗದು ಎಂಬುದು ಯಾಜ್ಞವಲ್ಕ್ಯನ ಮತ.

ಬೆಂಗಳೂರಿನಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂಬ ಫಲಕವು ಸೂಚಿಸುವ ವ್ಯವಹಾರವೂ ಬಹುಮಟ್ಟಿಗೆ ಇದೇ. ವಾಸಕ್ಕೆ ಬರುವವನು ಇಡಿಗಂಟನ್ನು ಕೊಡುತ್ತಾನೆ, ತಿಂಗಳ ಬಾಡಿಗೆಯಿಲ್ಲ, ಅವಧಿ ಮುಗಿದಾಗ ಅಸಲು ಬಡ್ಡಿಯಿಲ್ಲದೆ ಹಿಂದಿರುಗುತ್ತದೆ. ವಾಸವೇ ಬಡ್ಡಿ. ಆಡುನುಡಿಯು ಈ ಅರ್ಥವನ್ನು ಕ್ರಿಯಾಪದಗಳಲ್ಲಿ ಉಳಿಸಿಕೊಂಡಿದೆ: ‘ಭೋಗ್ಯಕ್ಕೆ ಹಾಕು’, ‘ಭೋಗ್ಯ ಬಿಡಿಸಿಕೊ’. ‘ಅಡವು ಬಿಡಿಸು’ ಎಂಬಂತೆಯೇ ಇದು; ‘ಬಾಡಿಗೆ ಬಿಡಿಸು’ ಎನ್ನುವವರಿಲ್ಲ.

ಗೊಂದಲ ಹುಟ್ಟಿರುವುದು ಬರೆಹದ ಕನ್ನಡದಲ್ಲಿ. ಇಂಗ್ಲಿಷಿನ ‘ಲೀಸ್’ ಪದಕ್ಕೆ ಗುತ್ತಿಗೆಯ ಜೊತೆಗೆ ಭೋಗ್ಯವೂ ಸಂವಾದಿಯಾಯಿತು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 105ನೆಯ ಪ್ರಕರಣವು ಲೀಸನ್ನು ಸ್ವತ್ತಿನ ಅನುಭೋಗದ ಹಕ್ಕಿನ ವರ್ಗಾವಣೆ ಎಂದೇ ನಿರೂಪಿಸುವುದರಿಂದ ಭಾಷಾಂತರಕಾರರನ್ನು ದೂರುವಂತಿಲ್ಲ. ಆದರೆ ಸ್ವಾಧೀನವನ್ನು ಕೊಟ್ಟು, ಬಡ್ಡಿಗೆ ಬದಲಾಗಿ ಉತ್ಪನ್ನವನ್ನು ಪಡೆಯಗೊಡುವ ಅಡಮಾನವನ್ನು ಅದೇ ಅಧಿನಿಯಮದ 58(ಡಿ) ಪ್ರಕರಣ ಬೇರೆಯಾಗಿಯೇ ಹೇಳುತ್ತದೆ. ಕನ್ನಡದ ‘ಭೋಗ್ಯಪತ್ರ’ ಎರಡನ್ನೂ ಸೂಚಿಸಬಲ್ಲದು.

ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ. ಪತ್ರವು ಅಡಮಾನವಾದರೆ, ಹಣ ಸಂದಾಯವಾಗುವವರೆಗೆ ಸ್ವಾಧೀನವನ್ನು ಇಟ್ಟುಕೊಳ್ಳುವ ಹಕ್ಕು ವಾಸಿಸುವವನಿಗೆ ಸಿಗುತ್ತದೆ. ಆದರೆ ಅಸಲು ನೂರು ರೂಪಾಯಿ ಮುಟ್ಟಿದರೂ ನೋಂದಣಿ ಕಡ್ಡಾಯ. ಅದು ಲೀಸ್ ಎಂದಾದರೆ ಅವನು ಬಾಡಿಗೆದಾರ ಮಾತ್ರ, ಇಡಿಗಂಟು ಠೇವಣಿಯಾಗುತ್ತದೆ. ಲಕ್ಷಾಂತರ ರೂಪಾಯಿ ಕೊಟ್ಟು ನೋಂದಣಿಯಾಗದ ಕರಾರನ್ನು ಹಿಡಿದವನು ‘ಭೋಗ್ಯ’ವೆಂಬ ಶೀರ್ಷಿಕೆಯನ್ನೇ ನೆಚ್ಚುವಂತಿಲ್ಲ, ನ್ಯಾಯಾಲಯಗಳು ಹೆಸರಿಗಿಂತ ಪತ್ರದ ಷರತ್ತುಗಳನ್ನೇ ಪರಿಶೀಲಿಸುತ್ತವೆ. ಆಡಳಿತ ಪದಕೋಶಗಳು ಲೀಸ್‌ಗೆ ‘ಗುತ್ತಿಗೆ’ಯನ್ನು ಉಳಿಸಿಕೊಂಡು, ‘ಭೋಗ್ಯ’ವನ್ನು ಸ್ವಾಧೀನಸಹಿತ ಅಡಮಾನಕ್ಕೆ ಮೀಸಲಿಡುವುದು ಆಡುನುಡಿಗೂ ಶಾಸ್ತ್ರಕ್ಕೂ ಹೊಂದುತ್ತದೆ.