ಸೀರಿಯಲ್ ಓದುವವರು ಕಮಲಾಪುರಕ್ಕೆ ಬರಲಿ

ಕರ್ನಾಟಕದಲ್ಲಿ ಟಿವಿಯ ಕಥೆ ಶುರುವಾಗುವುದು ಕಲಬುರಗಿ ಕಡೆಯಿಂದ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ಆರಂಭವಾದಾಗ ನಮ್ಮ ರಾಜ್ಯದಿಂದ ಆಯ್ಕೆಯಾದದ್ದು ಗುಲಬರ್ಗಾ (ಈಗಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳು. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ತಂತಿ ಬಲೆಯ ಹತ್ತಡಿ ಆಂಟೆನಾಗಳು ಎದ್ದವು. ಊರಿಗೊಂದು ಟಿವಿ, ಅದರ ಮುಂದೆ ಊರ ಮಂದಿ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರವೇ ಬಂತು. ಬೆಂಗಳೂರು 1981ರವರೆಗೆ ಕಾಯಬೇಕಾಯಿತು.

ಇಸ್ರೊದ ಸಂಶೋಧಕರು ಆಗ ಆಯ್ದ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿದು, ಯಾರು ಟಿವಿ ನೋಡುತ್ತಾರೆ, ನೋಡಿ ಏನು ಮಾತಾಡಿಕೊಳ್ಳುತ್ತಾರೆ ಎಂದು ಬರೆದಿಟ್ಟರು. ಅಂಥ ತಾಳ್ಮೆಯನ್ನು ನಾವು ಆಮೇಲೆ ನಮ್ಮ ಸೀರಿಯಲ್‌ಗಳಿಗೆ ತೋರಲೇ ಇಲ್ಲ. ‘ಅತ್ತಿ-ಸೊಸಿ ಜಗಳ’ ಎಂದು ಮೂಗು ಮುರಿದು ಮುಂದೆ ಹೋದೆವು. ಲಕ್ಷಾಂತರ ಮನೆಗಳ ಸಂಜೆಯನ್ನು ತುಂಬುವ ಕಲಾಪ್ರಕಾರವನ್ನು ಹೀಗೆ ತಳ್ಳಿಹಾಕುವುದು ನೋಡುವ ಹೆಣ್ಣುಮಕ್ಕಳಿಗೆ ಮಾಡುವ ಅಗೌರವ.

ಕಲಬುರಗಿ-ಹುಮನಾಬಾದ್ ದಾರಿಯ ಕಮಲಾಪುರವನ್ನೇ ತೆಗೆದುಕೊಳ್ಳಿ. ಕೆಂಪು ಬಾಳೆಗೆ ಹೆಸರಾದ ಊರು, ಈಗ ತಾಲ್ಲೂಕು ಕೇಂದ್ರ. ಸೀರಿಯಲ್ ಹೊತ್ತೆಂದರೆ ಅಲ್ಲಿ ರೊಟ್ಟಿ ಬಡಿಯುವ ಹೊತ್ತೂ ಹೌದು. ಒಲೆಯ ಮುಂದಿನ ಹೆಂಗಸು ಕಥೆಯನ್ನು ಅರ್ಧ ನೋಡುತ್ತಾಳೆ, ಅರ್ಧ ಕೇಳುತ್ತಾಳೆ. ಒಂದೇ ಸಂಗತಿಯನ್ನು ಮೂರು ಪಾತ್ರಗಳ ಬಾಯಲ್ಲಿ ಹೇಳಿಸುವುದು, ಒಂದೊಂದು ಮುಖಕ್ಕೂ ಸಂಗೀತ ಬಡಿಯುವುದು ಯಾಕೆಂದು ಇಲ್ಲಿ ತಿಳಿಯುತ್ತದೆ. ಮನೆಗೆಲಸದಲ್ಲಿ ಮೇಲಿಂದ ಮೇಲೆ ಬರುವ ಅಡಚಣೆಗೂ ಸೀರಿಯಲ್ಲಿನ ಲಯಕ್ಕೂ ನಂಟಿದೆ ಎಂದು ಅಮೆರಿಕದ ವಿದ್ವಾಂಸೆ ಟಾನಿಯಾ ಮೊಡ್ಲೆಸ್ಕಿ ಹೇಳಿದ್ದು ಇದನ್ನೇ. ಸಂಸ್ಕೃತಿ ವಿಮರ್ಶಕ ರೇಮಂಡ್ ವಿಲಿಯಮ್ಸ್ 1974ರಲ್ಲಿ ಟಿವಿಯನ್ನು ಬಿಡಿ ಕಾರ್ಯಕ್ರಮಗಳಾಗಿ ನೋಡದೆ ಕಥೆ, ಜಾಹೀರಾತು, ಮುಂದಿನದರ ಪ್ರೋಮೊ ಎಲ್ಲ ಕೂಡಿ ಹರಿಯುವ ಪ್ರವಾಹವಾಗಿ ನೋಡಿದರು. ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್, ಕಳಿಸಿದವರ ಅರ್ಥವನ್ನು ನೋಡುವವರು ಒಪ್ಪಬಹುದು, ತಿದ್ದಿಕೊಳ್ಳಬಹುದು, ತಿರಸ್ಕರಿಸಲೂಬಹುದು ಎಂದರು.

ತಿರಸ್ಕರಿಸಲು ಕಲಬುರಗಿಯವರಿಗೆ ಕಾರಣವೂ ಇದೆ. ಕಥೆ ಹುಟ್ಟುವುದು, ಶೂಟಿಂಗ್ ನಡೆಯುವುದು ಬಹುಪಾಲು ಬೆಂಗಳೂರಿನ ಸುತ್ತ. ‘ಗಿಣಿರಾಮ’ ಸೀರಿಯಲ್ ಉತ್ತರ ಕರ್ನಾಟಕದ ಮಾತನ್ನು ನಾಯಕ-ನಾಯಕಿಯರ ಬಾಯಿಗೆ ಕೊಟ್ಟಿತು, ನಿಜ. ಆದರೆ ದಖನಿ ಉರ್ದು, ತೆಲುಗು, ಮರಾಠಿ ಬೆರೆತ ಕಲಬುರಗಿ ಕನ್ನಡ ಗಂಭೀರ ಪಾತ್ರದ ಬಾಯಲ್ಲಿ ಬರುವುದು ಅಪರೂಪ. ಹೆಚ್ಚಾಗಿ ಅದಕ್ಕೆ ಸಿಗುವುದು ನಗಿಸುವ ಕೆಲಸ.

ಉದ್ಯಮವಂತೂ ಗುರುತು ಸಿಗದಷ್ಟು ಬದಲಾಗಿದೆ. 1998ರಲ್ಲಿ ‘ಮಾಯಾಮೃಗ’ ಸೀರಿಯಲ್ ಬಂದದ್ದು ಸರ್ಕಾರಿ ದೂರದರ್ಶನದಲ್ಲಿ. ಆಮೇಲೆ ಕಥೆ ಯಾವತ್ತು ತಿರುಗಬೇಕು, ಯಾವತ್ತು ಮುಗಿಯಬೇಕು ಎನ್ನುವುದು ಟಿಆರ್‌ಪಿಯ ಕೈಗೆ ಹೋಯಿತು. ದೇಶದ ಕೋಟ್ಯಂತರ ಟಿವಿ ಮನೆಗಳ ಪರವಾಗಿ ಟಿಆರ್‌ಪಿ ಅಳೆಯುವ ಬಾರ್ಕ್ ಸಂಸ್ಥೆಯ ಮೀಟರ್ ಇರುವುದು ಸಾವಿರಗಳ ಲೆಕ್ಕದ ಮನೆಗಳಲ್ಲಷ್ಟೇ. 2024ರ ನವೆಂಬರಿನಲ್ಲಿ ವಯಾಕಾಂ18, ಸ್ಟಾರ್ ಕಂಪನಿಗಳು ಕೂಡಿಕೊಂಡ ಮೇಲೆ, ಒಂದು ಕಾಲಕ್ಕೆ ಪೈಪೋಟಿಗೆ ನಿಂತಿದ್ದ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಒಂದೇ ಕಂಪನಿಯ ವಾಹಿನಿಗಳಾದವು. ಒಂದೇ ಸೀರಿಯಲ್ಲನ್ನು ಸೊಸೆ ಮೊಬೈಲಿನಲ್ಲಿ, ಅತ್ತೆ ಟಿವಿಯಲ್ಲಿ ನೋಡುವ ಮನೆಗಳಿವೆ. ಹೀಗಿರುವಾಗ ಕಥೆಯನ್ನಷ್ಟೇ ವಿಮರ್ಶೆ ಮಾಡಿದರೆ ಸಾಲದು. ದುಡ್ಡು ಹಾಕುವವರು, ಅಳೆಯುವ ಮೀಟರು, ನೋಡುವ ಮನೆ ಮೂರನ್ನೂ ಒಟ್ಟಿಗೆ ಓದಬೇಕು.

ಗುಲಬರ್ಗಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ನನ್ನದೊಂದು ಮನವಿ. ಪ್ರಶ್ನಾವಳಿ ಹಂಚಿ ಬರುವ ಪ್ರಬಂಧ ಬೇಡ. ಕಮಲಾಪುರದ ಒಂದು ಓಣಿಯನ್ನು ಆರಿಸಿಕೊಳ್ಳಿ, ಒಂದು ಸೀರಿಯಲ್ ಶುರುವಾದಾಗಿಂದ ಮುಗಿಯುವ ತನಕ ಅಲ್ಲಿನ ಮನೆಯವರ ಜೊತೆ ಕೂತು ನೋಡಿ, ಅವರಾಡುವ ಮಾತನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಿ.