ತನ್ನನ್ನೇ ತಿಂದು ಬದುಕುವ ಜೀವಕೋಶ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಂಡವರ ಕಣ್ಣಿಗೆ ಒಂದು ಕೊರತೆ ಬೀಳದಿರದು: ಗರ್ಭಗುಡಿಯ ಮೇಲೆ ಶಿಖರವಿಲ್ಲ. ಅದು ಶತ್ರುಗಳು ಕೆಡವಿದ್ದಲ್ಲ. ಇಟ್ಟಿಗೆ ಮರಗಳ ಶಿಖರ ಜೀರ್ಣವಾಗಿ ಗರ್ಭಗುಡಿಗೇ ಅಪಾಯ ತೋರಿದಾಗ, ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಬಿಚ್ಚಿ ಇಳಿಸಲಾಯಿತು. ಇಡಿಯದು ಉಳಿಯಲೆಂದು ಒಂದು ಭಾಗವನ್ನು ಬಿಟ್ಟುಕೊಟ್ಟದ್ದಾಯಿತು.

ಮನುಷ್ಯದೇಹದ ಕೋಟಿ ಕೋಟಿ ಜೀವಕೋಶಗಳಲ್ಲಿ ಇಂಥ ವ್ಯವಹಾರ ದಿನವೂ ನಡೆಯುತ್ತದೆ. ಸವೆದ ಭಾಗಗಳ ಸುತ್ತ ಎರಡು ಪದರಗಳ ಪೊರೆಯೊಂದು ಚೀಲದಂತೆ ಬೆಳೆದು ಅವನ್ನು ಮುಚ್ಚಿಕೊಳ್ಳುತ್ತದೆ. ಆ ಚೀಲ ಜೀರ್ಣರಸಗಳಿರುವ ಲೈಸೊಸೋಮನ್ನು ಕೂಡುತ್ತಲೇ ಒಳಗಿನದೆಲ್ಲ ಕರಗಿ, ಹೊಸ ಕಟ್ಟಡಕ್ಕೆ ಸಾಮಗ್ರಿಯಾಗುತ್ತದೆ. ಬೆಲ್ಜಿಯಮ್ಮಿನ ವಿಜ್ಞಾನಿ ಕ್ರಿಶ್ಚಿಯನ್ ದ ಡ್ಯೂವ್ 1963ರಲ್ಲಿ ಇದನ್ನು ‘ಆಟೊಫೇಜಿ’ ಎಂದು ಕರೆದರು, ಸ್ವಭಕ್ಷಣೆ ಎಂದರ್ಥ.

ಅರಸೀಕೆರೆಯ ಬಯಲುಸೀಮೆಯ ತೆಂಗು ಬೆಳೆಗಾರನಿಗೆ ಇದು ಹೊಸ ವಿಷಯವೆನಿಸದು. ಉದುರಿದ ಗರಿ, ಸುಲಿದ ಕಾಯಿಯ ಸಿಪ್ಪೆಗಳನ್ನು ಅವನು ಮರದ ಬುಡಕ್ಕೇ ಸೇರಿಸುತ್ತಾನೆ. ಮಳೆ ಕೈಕೊಟ್ಟ ವರ್ಷ ಅದೇ ಆಸರೆ. ಜೀವಕೋಶಕ್ಕೂ ಬರಗಾಲವುಂಟು. ಆಹಾರ ಸಮೃದ್ಧವಾಗಿರುವಾಗ ‘ಟಾರ್’ ಎಂಬ ಪ್ರೋಟೀನು ಸ್ವಭಕ್ಷಣೆಯನ್ನು ಅದುಮಿ ಹಿಡಿದಿರುತ್ತದೆ. ಆಹಾರ ತಗ್ಗಿದರೆ ಆ ಹಿಡಿತ ಸಡಿಲುತ್ತದೆ, ಕೆಲಸ ಆರಂಭವಾಗುತ್ತದೆ. ಜಪಾನಿನ ಯೋಶಿನೋರಿ ಓಸುಮಿ ಈ ಕಾರ್ಯವನ್ನು ನಡೆಸುವ ಜೀನುಗಳನ್ನು ಹುಡುಕಿದ್ದು ಉಪವಾಸ ಕೆಡವಿದ ಯೀಸ್ಟಿನಲ್ಲಿ. 2016ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

ಬರಗಾಲವೊಂದೇ ಕಷ್ಟವೆ? ಶತ್ರುವಿನ ಭಯವೂ ಇದೆ. 1311ರಲ್ಲಿ ಮಲಿಕ್ ಕಾಫರನ ಸೈನ್ಯ ಹಳೇಬೀಡನ್ನು, ಅಂದಿನ ದೋರಸಮುದ್ರವನ್ನು, ಮುತ್ತಿದಾಗ ಅದು ಕೋಟೆಯ ಹೊರಗೆ ನಿಂತಿತ್ತು. ವೈರಸ್ಸಿನ ಬಗೆ ಬೇರೆ. ಅದು ಒಳಕ್ಕೇ ನುಗ್ಗಿ ಕೋಶದ ಕಾರ್ಖಾನೆಯನ್ನೇ ತನಗಾಗಿ ದುಡಿಸುತ್ತದೆ. ವೈರಸ್ಸಿನ ಜೋಡಿ ಎಳೆಯ ಆರ್‌ಎನ್‌ಎ ಕಂಡೊಡನೆ ‘ಪಿಕೆಆರ್’ ಎಂಬ ಕಾವಲುಗಾರ ಪ್ರೋಟೀನು ಎಚ್ಚೆತ್ತು, ಕಾರ್ಖಾನೆಯ ಉತ್ಪಾದನೆಯನ್ನು ತಡೆದು ಸ್ವಭಕ್ಷಣೆಗೆ ಚಾಲನೆ ಕೊಡುತ್ತದೆ. ಶತ್ರುವಿನ ಭಾಗಗಳೂ ಆ ಚೀಲದೊಳಗೆ ಸಿಕ್ಕಿಬೀಳುತ್ತವೆ.

ಆದರೆ ಶತ್ರುವೂ ಜಾಣ. ಸರ್ಪಸುತ್ತಿನ ವೈರಸ್ಸಿಗೆ ಬಂಧುವಾದ ಹರ್ಪಿಸ್ ಸಿಂಪ್ಲೆಕ್ಸ್, ಸ್ವಭಕ್ಷಣೆಗೆ ಅವಶ್ಯವಾದ ‘ಬೆಕ್ಲಿನ್’ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಚಿಕುನ್‌ಗುನ್ಯಾದ ಕಥೆ ಇನ್ನೂ ವಿಚಿತ್ರ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಈ ಜ್ವರದ ಶಂಕಿತ ರೋಗಿಗಳಾಗಿದ್ದರು. ಕೀಲುನೋವಿನಿಂದ ತಿಂಗಳುಗಟ್ಟಲೆ ಹೊಲಕ್ಕಿಳಿಯಲಾರದವರು ಅದನ್ನು ಮರೆತಿರಲಾರರು. 2013ರಲ್ಲಿ ಪ್ರಕಟವಾದ ಫ್ರೆಂಚ್ ವಿಜ್ಞಾನಿಗಳ ಅಧ್ಯಯನದಂತೆ, ಸ್ವಭಕ್ಷಣೆಯ ಸೇವಕರಲ್ಲಿ ‘ಪಿ62’ ಎಂಬುದು ಈ ವೈರಸ್ಸಿನ ಕವಚವನ್ನು ಹಿಡಿದು ನಾಶಕ್ಕೆ ಒಪ್ಪಿಸುತ್ತದೆ. ‘ಎನ್‌ಡಿಪಿ52’ ಎಂಬ ಇನ್ನೊಂದು, ಮನುಷ್ಯನ ಕೋಶದಲ್ಲಿ, ವೈರಸ್ಸಿನ ವೃದ್ಧಿಗೇ ನೆರವಾಗುತ್ತದೆ. ಒಂದೇ ಮನೆಯಲ್ಲಿ ಒಬ್ಬ ರಕ್ಷಕ, ಇನ್ನೊಬ್ಬ ದ್ರೋಹಿ!

ಆದುದರಿಂದ ಉಪವಾಸವೊಂದರಿಂದಲೇ ವೈರಸ್ಸು ಅಳಿಯುವುದೆಂಬ ಸುಲಭ ತೀರ್ಮಾನ ಸಲ್ಲದು. ಸ್ವಭಕ್ಷಣೆ ಹೆಚ್ಚಿದರೆ ಯಾರಿಗೆ ಲಾಭವೆಂಬುದು ಆಯಾ ವೈರಸ್ಸನ್ನೂ ಆಯಾ ಕೋಶವನ್ನೂ ಅವಲಂಬಿಸಿದೆ. ಜ್ವರದಿಂದ ಬಳಲಿದವನಿಗೆ ನೀರು, ಆಹಾರ, ವೈದ್ಯರ ಸಲಹೆ ಮೂರೂ ಬೇಕು. ಅತ್ತ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಮತ್ತು ಸಂಗಡಿಗರು ಯೀಸ್ಟನ್ನೇ ಸಾಧನವಾಗಿಸಿಕೊಂಡು, ಈ ಕಾರ್ಯವನ್ನು ಬೇಕಾದಂತೆ ಹೆಚ್ಚುಕಡಮೆ ಮಾಡಬಲ್ಲ ರಾಸಾಯನಿಕಗಳನ್ನು ಅರಸಿದ್ದಾರೆ.

ಬೇಲೂರಿನಲ್ಲಿ ಶಿಖರವನ್ನು ಇಳಿಸಿದವರು ಗೋಡೆಗಳ ಮೇಲಿನ ಶಿಲ್ಪವನ್ನು ಮುಟ್ಟಲಿಲ್ಲ. ಯಾವುದನ್ನು ಬಿಚ್ಚಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕದಲ್ಲಿಯೇ ಗುಡಿಯ ಉಳಿವಿತ್ತು. ಜೀವಕೋಶದ ಉಳಿವೂ ಅದರಲ್ಲಿಯೇ ಇದೆ.