ಇದು ಅರಿವಿ ಹಾಕೋ ತಂತಿಯಲ್ಲ

ಬೆಟಗೇರಿಯ ನಮ್ಮ ಮಾಳಿಗೆಯಿಂದ ಬೇವಿನ ಮರಕ್ಕೆ ಕಟ್ಟಿದ ತಂತಿ ನೋಡಿ ಮೊಮ್ಮಗಳು, “ಅಜ್ಜಾ, ಅರಿವಿ ಹಾಕಾಕೇನು?” ಅಂದಳು.

ಅಲ್ಲವ್ವ, ಹ್ಯಾಮ್ ರೇಡಿಯೊ ಆಂಟೆನಾ. 7.1 ಮೆಗಾಹರ್ಟ್ಸ್‌ಗೆ ಅರ್ಧ ಅಲೆಯಷ್ಟು, ಸುಮಾರು 20 ಮೀಟರ್ ತಂತಿ ಬೇಕು. ಅಳತೆ ತಪ್ಪಿದರೆ ಕಳಿಸಿದ ಶಕ್ತಿಯ ಒಂದು ಪಾಲು ಸೆಟ್ಟಿನತ್ತ ವಾಪಸು. ಆಗ ನಡುವೆ ಟ್ಯೂನರ್ ಇಡುತ್ತೇವೆ. ಒಳಗಿರುವುದು ತಂತಿಸುರುಳಿ, ಕೆಪಾಸಿಟರ್. ಅದು ಲೆಕ್ಕ ಹೊಂದಿಸುತ್ತದೆಯೇ ಹೊರತು ಖಾತೆಗೆ ಹಣ ತುಂಬುವುದಿಲ್ಲ (ಬ್ಯಾಂಕಿನವನ ಮಾತು!). ಗಿಡ್ಡ ತಂತಿ ಗಿಡ್ಡ ತಂತಿಯೇ.

ಮುಂಡರಗಿ, ಶಿರಹಟ್ಟಿ ನಡುವೆ ಕಪ್ಪತಗುಡ್ಡ ಅಡ್ಡ. ತಗ್ಗಿನಲ್ಲಿ ಕಟ್ಟಿದ ತಂತಿಯ ಅಲೆ ನೆಟ್ಟಗೆ ಮೇಲೇರಿ, ಹಗಲಲ್ಲಿ ಅಯಾನುಗೋಳದಿಂದ ಮರಳಿ ಗುಡ್ಡದಾಚೆಗೂ ಇಳಿಯುತ್ತದೆ.

“ಫೋನ್ ಐತಲ್ಲ?”

2004ರ ಸುನಾಮಿಯಲ್ಲಿ ಅಂಡಮಾನಿನ ಫೋನ್ ಕೈಕೊಟ್ಟಾಗ, ಹ್ಯಾಮ್ ರೇಡಿಯೊಗಾಗಿಯೇ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ಸೆಟ್ಟಿನಿಂದಲೇ ಎಷ್ಟೋ ಮನೆಗಳಿಗೆ ತಮ್ಮವರ ಸುದ್ದಿ ಮುಟ್ಟಿತು.

ಲೈಸೆನ್ಸ್ ಪರೀಕ್ಷೆಗೆ 12 ವರ್ಷ ತುಂಬಿರಬೇಕು. ಅವಳಿಗೆ ಇನ್ನೆರಡು ವರ್ಷ. ಅಲ್ಲಿಯವರೆಗೆ ಟ್ಯೂನರಿನ ಗುಂಡಿ ಅವಳದು, ಮೈಕು ನನ್ನದು.